ಹಿಂದಿನ ಸೀಟು

ಬಾಗಲಾ ಹಾಕಿ ತೋರಿಸಿದ ಸೇಲ್ಸಿನ ಹುಡುಗ, ತುಷಾರ ಖಿಲಾರೆ:
"ಆವಾಜ ಕೇಳ್ರಿ ಕಾಕಾ, ಎಷ್ಟು ಗಟ್ಟಿ!"
ಕೇಳೀನಪಾ. ಇಪ್ಪತ್ತೆರಡು ವರ್ಷ
ಮಂದಿ ಬಾಗಲಾ ತೆಗದು, ಮಂದಿ ಬಾಗಲಾ ಹಾಕಿ
ಯಾವ ತಗಡಿನ್ಯಾಗ ಎಷ್ಟು ಜೀವ
ಬೆರಳಿಗೇ ಗೊತ್ತೈತಿ.

ಸಾತಾರಾ ರೋಡಿನ ಈ ಶೋರೂಮಿಗೆ ನಾ ಹೊಸಬ ಅಲ್ಲ.
ಆಗಾಶೆ ಸಾಹೇಬರ ಗಾಡಿ ಸರ್ವಿಸಿಂಗಿಗೆ ತರತಿದ್ದೆ, ಹಿತ್ತಲ ಗೇಟಿನಿಂದ.
ಮುಂದಿನ ಗಾಜಿನ ಬಾಗಲಾ ಇವತ್ತ ನೋಡಿದ್ದು:
ತಾನಾಗೇ ತೆರಿತೈತಿ.

ಮೊದಲು ಬಗ್ಗಿ ಗಾಡಿ ಹೊಟ್ಟಿ ನೋಡಿದೆ.
ಧಾಯರಿಯ ನಮ್ಮ ಓಣ್ಯಾಗಿನ ಹಂಪು
ಮಲಗಿದ ಎಮ್ಮಿಯಷ್ಟು ಎತ್ತರ;
ಐದು ಮಂದಿ ಕುಂತರ ತಳಾ ಕೆರೀತೈತಿ, ಖರೇ.
ಡಿಕ್ಕಿ ತೆಗದೆ. ಗ್ಯಾಸಿನ ಟಾಕಿ ಕೂಡಿಸಿದರ ಅರ್ಧ ಹೋತು.
ಉಳಿದದ್ದರಾಗ ಇಂಡಿಯಿಂದ ಬರೋ ಜ್ವಾಳದ ಚೀಲ
ಅಡ್ಡ ಹಿಡೀತೈತಿ, ಉದ್ದ ಹಿಡ್ಯಾಂಗಿಲ್ಲ.
ಲೀಟರಿಗೆ ಇಪ್ಪತ್ತೆರಡಂತ, ಕಾಗದದ ಮ್ಯಾಲ.
ಸಿಂಹಗಡ ರೋಡಿಗೆ ಸಂಜಿ ಆರಕ್ಕ ಬಾ ತಮ್ಮಾ,
ಹದಿನಾಲ್ಕು ಕೊಟ್ಟರ ಊದಿನಕಡ್ಡಿ ಹಚ್ಚತೀನಿ.

ಮಹಾನಂದಾ ಕೇಳಿದ್ದು ಎರಡ ಮಾತು:
ಕಂತು ಎಷ್ಟು, ಎಷ್ಟು ವರ್ಷ.
ಹಡಪಸರದ ದವಾಖಾನಿಗೆ ಎರಡು ಬಸ್ಸು ಬದಲಿ ಮಾಡಿ
ರಾತ್ರಿಪಾಳಿಗೆ ಹೋಗಾಕಿ ಅಕಿ;
ಸ್ಟೇರಿಂಗ್ ಮುಟ್ಟಲಿಲ್ಲ, ಹೀಟರ್ ಐತೇನು ನೋಡಿದಳು.
ಮಗಳು ಪ್ರಾಚಿ ಆಗಲೇ ತನ್ನ ಫೋನು ಜೋಡಿಸಿ ಬಿಟ್ಟಿದ್ದಳು.
ಅವ್ವ ಚಪ್ಪಲಿ ಹೊರಗ ಬಿಟ್ಟು ಒಳಗ ಹತ್ತಿದಳು.

ಕೀಲಿಕೈ ಚಾಚಿದ ಹುಡುಗ: "ಹೊಡೀರಿ ಕಾಕಾ, ಕಾತ್ರಜ ತನಕ."
ಕೈ ಹೋತು. ತಿರುಗಿ ತಗೊಂಡೆ.
ಕ್ಲಚ್ಚು ಬ್ರೇಕು ನಿದ್ದ್ಯಾಗೂ ಪಾಸು-ಫೇಲು ಮಾಡೇನು.
"ನೀ ಹೊಡಿ. ನಾ ಹಿಂದ ಕೂಡತೀನಿ."

ಕುಂತೆ. ಎಡಕ್ಕ, ಸಾಹೇಬರು ಕೂಡೋ ಜಾಗಾದಾಗ.
ಕೈ ಎಲ್ಲಿ ಇಡಬೇಕು ತಿಳೀಲಿಲ್ಲ.
ಮೊಣಕಾಲಿಗೂ ಮುಂದಿನ ಸೀಟಿಗೂ ನಡು ನಾಲ್ಕು ಬೆರಳು.
ಪ್ರಾಚಿ ನಡುವಿನ ಉಬ್ಬಿನ ಮ್ಯಾಲ ಕಾಲು ಮಡಚಿ ಒರಗಿದಳು.
ಬಿಬ್ವೇವಾಡಿಯ ಸಿಗ್ನಲ್ಲಿನ್ಯಾಗ ರಿಕ್ಷಾ ಒಂದು ಅಡ್ಡ ಬಂತು:
ನನ್ನ ಬಲಗಾಲು ಕಾರ್ಪೆಟ್ಟು ಒತ್ತಿತು, ಜೋರಾಗಿ.
ಅಲ್ಲಿ ಏನೂ ಇರಲಿಲ್ಲ.

ಎದುರಿಗೆ ಹುಡುಗನ ಕುತ್ತಿಗಿ.
ಮೊನ್ನೆ ಕಟಿಂಗ್ ಮಾಡಿಸಿದ್ದು, ಒಂದು ಕರೇ ದಾರ, ಬೆವರು.
ಸಾಹೇಬರು ಇಷ್ಟ ನೋಡಿದ್ದು ನನ್ನ, ಇಷ್ಟು ವರ್ಷ;
ಕೂದಲಾ ಬೆಳ್ಳಗಾದದ್ದು ನನಗಿಂತ ಮೊದಲು ಅವರಿಗೆ ಗೊತ್ತಿದ್ದೀತು.
ಅವರ ಮನಿ ಜಗಳ, ಆಸ್ತಿ ಪಾಲು, ಮಗಳ ಅಳು
ಎಲ್ಲಾ ಈ ಕುತ್ತಿಗಿ ಹಿಂದ ನಡೀತು,
ನಾ ಕಿವಿ ಇಲ್ಲದಂಗ ಗಾಡಿ ಹೊಡದೆ.
ಈಗ ಕಂತಿನ ಮಾತು ನನ್ನ ಬಾಯಿತನಕ ಬಂತು.
ಹುಡುಗನ ಕಿವಿ ನೋಡಿ, ನುಂಗಿದೆ.

ಡೇರಿ ಹತ್ತರ ಒಂದು ತೆಗ್ಗು. ಟೊಂಕಕ್ಕ ಛಳಕಂತು.
ಹಿಂದ ಕುಂತವರಿಗೆ ಹಿಂಗ ಬಡೀತಿತ್ತೇನು?
ಆಗಾಶೆ ಬಾಯಿ "ಸಾವಕಾಶ, ಸಾವಕಾಶ" ಅಂದಾಗೊಮ್ಮೆ
ನನಗ ಸಿಟ್ಟು ಬರತಿತ್ತು.

ವಾಪಸು ಬಂದ ಮ್ಯಾಲ ಹುಡುಗ ಓಡಿ ಬಂದು ನನ್ನ ಬಾಗಲಾ ತೆಗದ.
ಇಳೀಬೇಕು ಅನ್ನೋದು ಹೊಳೀಲಿಲ್ಲ, ಒಂದು ಗಳಿಗಿ.

"ಹೆಂಗೈತಿ?" ಅಂದಳು ಮಹಾನಂದಾ.
ಡಿಕ್ಕಿ ಸಣ್ಣದು, ತಳಾ ಕೆಳಗ, ಹಿಂದ ಎಸಿ ಬರಾಂಗಿಲ್ಲ
ಅನ್ನೂದರಾಗ ಅವ್ವ ಒಳಗಿಂದ ಹೇಳಿದಳು:
"ಚಕ್ಕಂಬಕ್ಕಳ ಹಾಕಿ ಕೂಡಾಕ ಬರತೈತಿ. ತಗೋ."

ಮ್ಯಾಟು, ಮಡ್‌ಫ್ಲ್ಯಾಪು ಪುಕಟ ಅಂತ ಬರಸಿಕೊಂಡೆ.
ಹುಡುಗ ಪೆನ್ನು ಹಿಡಕೊಂಡೇ ನಿಂತಿದ್ದ: "ಬಣ್ಣ ಕಾಕಾ?
ಬಿಳೀದಾದರ ನಾಳೇನ ಸಿಗತೈತಿ."
ಬಿಳೀ ಬ್ಯಾಡ.
ಇಪ್ಪತ್ತೆರಡು ವರ್ಷ ಬಿಳೀ ಅಂಗಿ ಹಾಕ್ಕೊಂಡೀನಿ.